ಗಡಿ ನೀರಿನ ಮೇಲಿತ್ತು, ನಾಲಿಗೆಯ ಮೇಲಲ್ಲ

ವಿರೂಪಾಪುರಗಡ್ಡೆಯಲ್ಲಿ ದೋಣಿ ಹತ್ತಿ ಹಂಪಿಯ ದಡಕ್ಕೆ ಇಳಿಯುವವರು ದಾಟುವುದು ಹಳೆಯದೊಂದು ರಾಜ್ಯದ ಗಡಿಯನ್ನು. 1800ರಲ್ಲಿ ಹೈದರಾಬಾದಿನ ನಿಜಾಮ ‘ದತ್ತಮಂಡಲ’ಗಳೆಂದು ಹೆಸರಾದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ ಮೇಲೆ ಆ ದಡ ಮದ್ರಾಸಿನ ಪಾಲಾಯಿತು. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಹೈದರಾಬಾದಿನಲ್ಲೇ ಉಳಿದವು. ಬಳ್ಳಾರಿ 1953ರಲ್ಲಿ ಮೈಸೂರು ಸೇರಿದರೆ, ಈ ಕಡೆಯವರು 1956ರವರೆಗೆ ಕಾಯಬೇಕಾಯಿತು.

ಊರ ಲೆಕ್ಕ ಬರೆಯುವವನು ಆ ದಡದಲ್ಲಿ ಕರಣಂ, ಈ ದಡದಲ್ಲಿ ಪಟ್ವಾರಿ. ಮಾಲಿಪಾಟೀಲ, ಪೊಲೀಸ್‌ಪಾಟೀಲ ಎಂಬ ಹುದ್ದೆಗಳು ಹೋದರೂ ಆ ಅಡ್ಡಹೆಸರುಗಳು ಇಲ್ಲಿ ಇನ್ನೂ ಇವೆ. ದರ್ಬಾರಿನ ಗುರುತು ಇಷ್ಟೇ. ಎರಡೂ ದಡದವರು ‘ಮಾಡಾಕತ್ತೀನಿ’ (ಮಾಡುತ್ತಿದ್ದೇನೆ) ಎನ್ನುವುದಕ್ಕೆ ಹೊಳೆ ಅಡ್ಡ ಬರಲಿಲ್ಲ. ಅದೇ ನಿಜಾಮನ ಕಲಬುರಗಿಯಲ್ಲಿ ಅದು ‘ಮಾಡ್ಲಿಕತ್ತೀನಿ’. ಮಾತಿನ ಗೆರೆಗಳು ರಾಜರ ನಕಾಶೆ ನೋಡಿ ಎಳೆದವಲ್ಲ.

ಹಲವು ದೇಶಗಳ ಗಡಿಗಳಿಗೆ ಸಿಕ್ಕ ಕುರ್ದಿ ಭಾಷೆಯ ಕಥೆ ಬೇರೆ. ಅಲ್ಲೂ ಒಳನುಡಿಗಳು ಗಡಿಗಿಂತ ಹಳೆಯವು: ಕುರ್ಮಾಂಜಿಯಲ್ಲಿ ನಾಮಪದಗಳಿಗೆ ಲಿಂಗಭೇದ ಉಂಟು, ಸೊರಾನಿಯಲ್ಲಿ ಬಹುಮಟ್ಟಿಗೆ ಅಳಿದಿದೆ. ಆದರೆ ಮೊದಲ ಮಹಾಯುದ್ಧದ ನಂತರ ಒಟ್ಟೊಮನ್ನರ ಕುರ್ದಿ ಸೀಮೆ ತುರ್ಕಿ, ಇರಾಕ್, ಸಿರಿಯಾಗಳಿಗೆ ಹಂಚಿಹೋಯಿತು. ಇರಾನಿನ ಕುರ್ದರು ಮೊದಲೇ ಬೇರೆ ಆಳ್ವಿಕೆಯಲ್ಲಿದ್ದರು. 1932ರಲ್ಲಿ ಜೆಲಾದೆತ್ ಬೆದಿರ್ಖಾನ್ ಡಮಾಸ್ಕಸ್‌ನಿಂದ ‘ಹಾವಾರ್’ ಪತ್ರಿಕೆ ಹೊರಡಿಸಿ ಕುರ್ಮಾಂಜಿಯನ್ನು ಲ್ಯಾಟಿನ್ ಲಿಪಿಗೆ ತಂದರು. ಸೊರಾನಿ ಅರಬ್ಬಿ ಲಿಪಿಯಲ್ಲೇ ಬೆಳೆದು ಇರಾಕಿನ ಶಾಲೆಗಳಿಗೆ ಹೊಕ್ಕಿತು. ಸೋವಿಯತ್ ಆರ್ಮೇನಿಯಾದಲ್ಲಿ ಕುರ್ದಿಗೆ ಕೊನೆಗೆ ಸಿರಿಲಿಕ್ ಲಿಪಿ ಬಂತು. ತುರ್ಕಿ 1983ರಲ್ಲಿ ಕುರ್ದಿ ಪ್ರಕಟಣೆಯನ್ನೇ ಕಾನೂನಿನಿಂದ ತಡೆದು, 1991ರಲ್ಲಿ ಸಡಿಲಿಸಿತು. ಗಡಿ ಒಳನುಡಿಗಳನ್ನು ಹುಟ್ಟಿಸಲಿಲ್ಲ, ಅವುಗಳ ಬರಹವನ್ನು ಸೀಳಿತು.

ನಮ್ಮಲ್ಲಿ ಆಡಳಿತ ಹರಿದಾಗಲೂ ಬರಹ ಹರಿಯಲಿಲ್ಲ. ನಿಜಾಮನ ಸರ್ಕಾರ ಉರ್ದುವಿನಲ್ಲಿ ನಡೆಯುತ್ತಿದ್ದಾಗಲೂ ಮಠ, ಪುರಾಣ, ಖಾಸಗಿ ಶಾಲೆಗಳು ಅದೇ ಕನ್ನಡ ಅಕ್ಷರ ತಿದ್ದಿಸಿದವು. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉರ್ದು ಬಲ್ಲವರಾಗಿದ್ದೂ ‘ಕಾವ್ಯಾನಂದ’ ಎಂಬ ಕಾವ್ಯನಾಮದ ಕನ್ನಡ ಕವಿಯಾದರು. ಮೈಸೂರಿನ ಓದುಗನಿಗೆ ಅವರ ಪುಸ್ತಕ ಲಿಪ್ಯಂತರ ಮಾಡಿಕೊಡಬೇಕಿರಲಿಲ್ಲ.

ಬರಹ ಒಂದಾಗಿ ಉಳಿದದ್ದಕ್ಕೆ ತೆತ್ತ ಬೆಲೆಯೂ ಇದೆ, ಅದನ್ನು ನಾವು ಲೆಕ್ಕ ಹಿಡಿಯುವುದಿಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆಯನ್ನು ಗುರುತಿಸುವಾಗ ಕೊಪಣವನ್ನೂ ಹೆಸರಿಸುತ್ತದೆ. ಅದು ಇಂದಿನ ಕೊಪ್ಪಳವೆಂದು ಬಹುಪಾಲು ವಿದ್ವಾಂಸರ ಅಭಿಮತ. ನಾಡಿನ ಒಳನುಡಿಗಳ ಬಗೆಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಹೇಳುವುದೂ ಅದೇ ಗ್ರಂಥ. ಆದರೆ ಈಗ ಪಠ್ಯಪುಸ್ತಕದ ಕನ್ನಡ ತೆಂಕಣದ್ದು. ‘ಐತಿ’, ‘ಹೊಂಟೀನಿ’ ಎಂದು ಬರೆದ ಕೊಪ್ಪಳದ ಮಗುವಿಗೆ ಕೆಂಪು ಗೆರೆ, ಅದನ್ನೇ ಸಿನಿಮಾದಲ್ಲಿ ಆಡಿದವನಿಗೆ ನಗೆಪಾತ್ರ.