ಕಾರಿನ ಗೇರ್ ಕದಲದಿದ್ದಾಗ

ಮೊನ್ನೆ ಬೆಳಗ್ಗೆ ಮನೆಯ ಹಿರಿಯರೊಂದಿಗೆ ಮಂಗಳೂರಿನ ಆಸ್ಪತ್ರೆಗೆ ಹೊರಟರೆ, ನಮ್ಮ ಆಟೋಮ್ಯಾಟಿಕ್ ಕಾರಿನ ಗೇರ್ ‘ಪಿ’ಯಿಂದ ಕದಲಲೊಲ್ಲದು. ಬಾಡಿಗೆ ಕಾರು ತರಿಸೋಣವೆಂದರೆ ಗೇಟಿಗೆ ಅಡ್ಡ ನಿಂತದ್ದೂ ಇದೇ! ಹಿರಿಯರಿಗೆ ಗುಡ್ಡೆ ಇಳಿದು ನಡೆಯಲಾಗದು.

ಬಲ ಹಾಕಿ ಎಳೆಯುವುದು ನಮ್ಮವರ ಮೊದಲ ಚಿಕಿತ್ಸೆ. ಅದು ಬೇಡ, ಒಳಗಿನ ಭಾಗ ಮುರಿದೀತು. ಬ್ರೇಕ್ ತುಳಿದುದು ಪೆಡಲಿನ ಬಳಿಯ ಸ್ವಿಚ್ಚಿನಿಂದ ತಿಳಿದರೆ ಮಾತ್ರ ಗೇರಿನ ಬೀಗ ಬಿಡುವುದು. ಹಿಂದೆ ನಿಂತು ನೋಡಿದೆವು: ತುಳಿದರೂ ಕೆಂಪು ದೀಪ ಉರಿಯಲಿಲ್ಲ. ಫ್ಯೂಸ್ ಸರಿಯಿತ್ತು; ಕೆಟ್ಟದ್ದು ಸ್ವಿಚ್ಚೇ.

ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲಿಟ್ಟು, ಬ್ರೇಕ್ ತುಳಿದುಕೊಂಡೇ ಗೇರಿನ ಪಕ್ಕದ ಚಿಕ್ಕ ಮುಚ್ಚಳ ಎಬ್ಬಿಸಿ ಒಳಗಿನ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆವು. ಗೇರ್ ಸರಿಯಿತು! (ಕೆಲವು ಕಾರುಗಳಲ್ಲಿ ಜಾಗ ಬೇರೆ, ಕೈಪಿಡಿ ನೋಡಿರಿ.)

ಬ್ರೇಕ್ ದೀಪವಿಲ್ಲದೆ ಹೆದ್ದಾರಿಗಿಳಿಯುವ ಧೈರ್ಯ ನಮಗಿರಲಿಲ್ಲ. ಕಾರನ್ನು ಬದಿಗೆ ಸರಿಸಿ, ಬಾಡಿಗೆ ಕಾರಿನಲ್ಲೇ ಹೋದೆವು. ಸಂಜೆ ಹೊಸ ಸ್ವಿಚ್ಚು ಹಾಕಿಸಿದೆವು.