ಕೊಟೇಶನ್ ಹಾಳೆಯ ಹನ್ನೊಂದು ಸಾಲು

ನಮ್ಮ ಮನೆಯಿಂದ ಟಾರು ರಸ್ತೆಗೆ ಒಂದೂವರೆ ಕಿಲೋಮೀಟರ್. ಅದರಲ್ಲಿ ಕೊನೆಯ ಮುನ್ನೂರು ಮೀಟರ್ ಏರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ರಸ್ತೆ ಎನ್ನಲಾಗದು, ಕೆಂಪು ಕೆಸರು ಹರಿಯುವ ಕಾಲುವೆ ಎನ್ನಬೇಕು. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾವನವರ ಕಾಲದ ಡೀಸೆಲ್ ಜೀಪು ಮೂವತ್ತು ವರ್ಷ ಆ ಏರು ಹತ್ತಿತು. ಕಳೆದ ಮಳೆಗಾಲದ ಒಂದು ರಾತ್ರಿ ಹತ್ತಲಿಲ್ಲ. ಕೆಲಸದವರ ಲೈನ್ ಮನೆಯ ಹುಡುಗಿಯೊಬ್ಬಳಿಗೆ ಜ್ವರ ನೆತ್ತಿಗೇರಿತ್ತು. ನಾಲ್ಕು ಜನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೇಲೆ ಟಾರ್ಪಾಲು ಹಿಡಿದು, ಟಾರು ರಸ್ತೆವರೆಗೆ ಹೊತ್ತುಕೊಂಡು ಹೋದರು. ಹುಡುಗಿ ಉಳಿದಳು. ಹೊಸ ಫೋರ್ ವೀಲ್ ಗಾಡಿ ತೆಗೆದುಕೊಳ್ಳಲೇಬೇಕು ಎಂದು ನಾನು ನಿಶ್ಚಯಿಸಿದ್ದು ಅವತ್ತೇ.

ಯಜಮಾನರು ತೀರಿಕೊಂಡ ಮೇಲೆ ಹದಿನೆಂಟು ಎಕರೆ ತೋಟವನ್ನು ನಾನೇ ನೋಡಿಕೊಂಡು ಬಂದಿದ್ದೇನೆ. ಗೊಬ್ಬರ, ಮೋಟಾರು, ಪಲ್ಪರ್ ಎಲ್ಲವನ್ನೂ ಚೌಕಾಸಿ ಮಾಡಿಯೇ ತಂದಿದ್ದೇನೆ. ಆದರೆ ಗಾಡಿ ಕೊಳ್ಳುವುದು ಇದೇ ಮೊದಲು. ರೊಬಸ್ಟಾ ಕೊಯ್ಲು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುವ ಮಾರ್ಚ್ ತಿಂಗಳಲ್ಲಿ ಮೂರು ಶೋರೂಮ್ ಸುತ್ತಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಮ್ಮಂಥ ಇನ್ನೊಬ್ಬರಿಗೆ ಉಪಯೋಗವಾಗಲಿ ಎಂದು. ನಾನು ಕೊಂಡ ಗಾಡಿಯ ಕಂಪನಿ ಹೆಸರು ಹೇಳುವುದಿಲ್ಲ. ಒಬ್ಬೊಬ್ಬರ ತೋಟದ ದಾರಿ ಒಂದೊಂದು ಥರ.

ಬೆಲೆ ಕೇಳುವ ಮೊದಲು ನಿಮಗೆ ಬೇಕಾದದ್ದು ಏನು ಎಂಬುದು ಗೊತ್ತಿರಬೇಕು. ನೋಡಲು ಜೀಪಿನ ಹಾಗಿರುವುದೆಲ್ಲ ಫೋರ್ ವೀಲ್ ಅಲ್ಲ. ಇವತ್ತು ಎಸ್‌ಯುವಿ ಎಂದು ಮಾರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಒಂದೇ ಹೆಸರಿನ ಗಾಡಿಯಲ್ಲೂ ಎರಡು ಬಗೆ ಇರುತ್ತದೆ. ಥಾರ್ 2020ರಲ್ಲಿ ಬಂದಾಗ ಫೋರ್ ವೀಲ್ ಆಗಿಯೇ ಬಂತು. 2023ರ ಜನವರಿಯಲ್ಲಿ ಅದರ ಹಿಂದಿನ ಚಕ್ರ ಮಾತ್ರ ಎಳೆಯುವ ಬಗೆಯೂ ಬಂತು. ಸ್ಕಾರ್ಪಿಯೊ-ಎನ್‌ನಲ್ಲಿ ಡೀಸೆಲ್‌ನ ಕೆಲವು ವೇರಿಯಂಟ್‌ಗಳಿಗಷ್ಟೇ ಫೋರ್ ವೀಲ್ ಸಿಗುತ್ತದೆ. ಜಿಮ್ನಿಯಲ್ಲಿ ಎಲ್ಲ ವೇರಿಯಂಟ್‌ಗೂ ಇದೆ, ಆದರೆ ಪೆಟ್ರೋಲ್ ಮಾತ್ರ.

ಎರಡು ಬಗೆಗಳ ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ ಏಕೆ ಎಂದು ಶೋರೂಮಿನ ಒಬ್ಬ ಹುಡುಗನನ್ನು ಕೇಳಿದೆ. "ಫೀಚರ್ಸ್ ಜಾಸ್ತಿ ಮೇಡಂ" ಎಂದ. ಅದು ಅರ್ಧ ಉತ್ತರ. ಉಳಿದರ್ಧ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಉದ್ದ, ಜೊತೆಗೆ ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ 18%, ಇವುಗಳಲ್ಲಿ ಒಂದು ಮೀರಿದರೂ 40%. ಥಾರ್, ಜಿಮ್ನಿ ಎರಡರ ಉದ್ದವೂ 3985 ಮಿಲಿಮೀಟರ್, ನಾಲ್ಕು ಮೀಟರ್ ಒಳಗೇ. ಆದರೆ ಫೋರ್ ವೀಲ್ ಥಾರ್‌ನ ಎಂಜಿನ್ ಎರಡು ಲೀಟರ್ ಅಥವಾ ಅದಕ್ಕೂ ಹೆಚ್ಚು, ಜಿಮ್ನಿಯದು 1462 ಸಿಸಿ ಪೆಟ್ರೋಲ್. ಎರಡಕ್ಕೂ 40%. ಹಿಂದಿನ ಚಕ್ರ ಎಳೆಯುವ ಥಾರ್‌ನ ಒಂದೂವರೆ ಲೀಟರ್ ಡೀಸೆಲ್‌ಗೆ 18%. ಆದ್ದರಿಂದ ಅಗ್ಗ ಎಂದು ಅದರ ಕಡೆ ಮನಸ್ಸು ಎಳೆಯುತ್ತದೆ. ಪೇಟೆಯವರಿಗೆ ಅದೇ ಸಾಕು. ಕೆಸರಿನ ಏರು ಇದ್ದವರು ಆ ಉಳಿತಾಯಕ್ಕೆ ಸೋತರೆ ಮೊದಲ ಮಳೆಗೇ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.

ಇನ್ನು ಫೋರ್ ವೀಲ್‌ನ ಒಳಗುಟ್ಟು. ನಮ್ಮ ಡ್ರೈವರ್ ಅಣ್ಣ ಹಳೇ ಜೀಪಿನ ಅಡಿಗೆ ನನ್ನನ್ನು ಬಗ್ಗಿಸಿ ತೋರಿಸಿದ್ದರಿಂದ ನನಗಿದು ಅರ್ಥವಾಯಿತು. ಆ್ಯಕ್ಸಲ್ ನಡುವೆ ಮಡಕೆಯಂತೆ ಉಬ್ಬಿದ ಭಾಗ ಇದೆಯಲ್ಲ, ಅದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಲು ಅದು ಬೇಕು. ಆದರೆ ಕೆಸರಿನಲ್ಲಿ ಅದೇ ಶತ್ರು: ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದನ್ನೇ ಗಿರ್ರನೆ ತಿರುಗಿಸಿ, ಗಟ್ಟಿ ನೆಲದ ಮೇಲಿರುವ ಚಕ್ರವನ್ನು ಸುಮ್ಮನೆ ಬಿಡುತ್ತದೆ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಆ್ಯಕ್ಸಲ್‌ಗಳೆರಡಕ್ಕೂ ಶಕ್ತಿ ಹೋಗುತ್ತದೆ ನಿಜ. "ಅಮ್ಮಾ, ಆದ್ರೂ ಮುಂದಿಂದೊಂದು, ಹಿಂದಿಂದೊಂದು ಓರೆಯಾಗಿ ಗಾಳೀಲಿ ನಿಂತ್ರೆ ಗಾಡಿ ಅಲ್ಲೇ" ಎಂದರು ಅಣ್ಣ. ಆಗ ಕೈಹಿಡಿಯುವುದು ಡಿಫರೆನ್ಷಿಯಲ್ ಲಾಕ್, ಇಲ್ಲವೇ ತಿರುಗುವ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದು ಚಕ್ರಕ್ಕೆ ಕಳಿಸುವ ವ್ಯವಸ್ಥೆ. ಇದರ ಜೊತೆಗೆ ಲೋ ಗೇರ್ ಇರಬೇಕು. ಲೋ ಹಾಕಿದರೆ ವೇಗ ಇಳಿದು ಚಕ್ರದ ಎಳೆತ ಎರಡು, ಎರಡೂವರೆ ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನನ್ನ ಮಟ್ಟಿಗೆ ಹಣ ಕೊಡಬೇಕಾದದ್ದು ಇದಕ್ಕೆ. ಸ್ಕ್ರೀನು, ಸ್ಪೀಕರು, ಸೀಟಿನ ಬಟ್ಟೆ ಇವನ್ನೆಲ್ಲ ಮುಂದೆ ಯಾವತ್ತಾದರೂ ಹಾಕಿಸಬಹುದು. ಲೋ ಗೇರ್ ಇಲ್ಲದ ಗಾಡಿಗೆ ಲೋ ಗೇರ್ ಹಾಕಿಸಲು ಆಗುವುದಿಲ್ಲ.

ಟೆಸ್ಟ್ ಡ್ರೈವ್‌ಗೆ ಎಲ್ಲರೂ ಹೈವೇಗೇ ಕರೆದುಕೊಂಡು ಹೋಗುತ್ತಾರೆ. ಎರಡು ಕಿಲೋಮೀಟರ್ ಓಡಿಸಿ, "ಹೇಗಿದೆ ಮೇಡಂ ಪಿಕಪ್?" ಎನ್ನುತ್ತಾರೆ. ಇಂಥ ಗಾಡಿಯ ಫೋರ್ ವೀಲನ್ನು ಟಾರು ರಸ್ತೆಯಲ್ಲಿ ಹಾಕುವಂತೆಯೇ ಇಲ್ಲ, ತಿರುವಿನಲ್ಲಿ ಗೇರುಗಳ ಮೇಲೆ ಒತ್ತಡ ಬಿದ್ದು ಹಾಳಾಗುತ್ತವೆ. ಅಂದ ಮೇಲೆ ಟಾರಿನ ಮೇಲೆ ಓಡಿಸಿದರೆ ತಿಳಿಯುವುದೇನು? ನಾನು ಹಟ ಹಿಡಿದು ಬೈಪಾಸ್ ಪಕ್ಕದ ಕೆರೆ ಏರಿಯ ಮಣ್ಣಿನ ದಾರಿಗೆ ತಿರುಗಿಸಿದೆ. ನಿಲ್ಲಿಸಿದ ಗಾಡಿಯನ್ನು ಫೋರ್ ಲೋಗೆ ಹಾಕಿ ಏರಿನ ನಡುವಿನಿಂದ ಹೊರಡಿಸಿದೆ. ಒಂದು ಗಾಡಿಯಲ್ಲಿ ಲಿವರ್ ಬೀಳಲೇ ಇಲ್ಲ. ಶೋರೂಮಿನಲ್ಲಿ ಯಾರೂ ಅದನ್ನು ಬಳಸಿರಲಿಲ್ಲ. ಇನ್ನೊಂದು ಬೆಣ್ಣೆಯಂತೆ ಹತ್ತಿತು. ನಾನು ಮನಸ್ಸು ಮಾಡಿದ್ದು ಅಲ್ಲೇ.

ಈಗ ಹಣದ ಮಾತು. ಕಾಫಿ ಮಾರುವಾಗ ವ್ಯಾಪಾರಿ ಮೂಟೆ ಎಣಿಸಿ ದರ ಹೇಳುವುದಿಲ್ಲ, ಔಟ್‌ಟರ್ನ್ ಕೇಳುತ್ತಾನೆ. 50 ಕೆಜಿ ಚೆರ್ರಿ ಮೂಟೆಯಲ್ಲಿ ಸಿಪ್ಪೆ ಕಳೆದು ಎಷ್ಟು ಕೆಜಿ ಬೀಜ ಉಳಿಯುತ್ತದೋ ಅದಕ್ಕೇ ಬೆಲೆ. ಶೋರೂಮಿನಲ್ಲೂ ಅದನ್ನೇ ಮಾಡಬೇಕು. ಅವರು ಹೇಳುವುದು ಆನ್‌ರೋಡ್ ಎಂಬ ಒಂದೇ ಮೊತ್ತ, ಅದರಲ್ಲಿ ಬೀಜವೂ ಇದೆ, ಸಿಪ್ಪೆಯೂ ಇದೆ.

"ಮೇಡಂ, ನಿಮಗೋಸ್ಕರ ಮೂವತ್ತು ಸಾವಿರ ಕಡಿಮೆ ಮಾಡ್ತೀನಿ, ಇವತ್ತೇ ಬುಕ್ ಮಾಡಿ" ಎಂದ ಆ ಹುಡುಗ.

"ಕಡಿಮೆ ಆಮೇಲೆ ಮಾಡುವಂತೆ ತಮ್ಮಾ. ಮೊದಲು ಒಂದೊಂದೇ ಸಾಲು ಬರೆದುಕೊಡು" ಎಂದೆ.

ಬರೆದುಕೊಟ್ಟಾಗ ಹನ್ನೊಂದು ಸಾಲಾಯಿತು. ಎಕ್ಸ್-ಶೋರೂಂ ಬೆಲೆ, ರೋಡ್ ಟ್ಯಾಕ್ಸ್, ಟಿಸಿಎಸ್, ನೋಂದಣಿ ಶುಲ್ಕ, ಫಾಸ್ಟ್ಯಾಗ್, ವಿಮೆ, ಹೆಚ್ಚುವರಿ ವಾರಂಟಿ, ರೋಡ್‌ಸೈಡ್ ಅಸಿಸ್ಟೆನ್ಸ್, ಆಕ್ಸೆಸರೀಸ್ ಕಿಟ್, ಕೋಟಿಂಗ್, ಹ್ಯಾಂಡ್ಲಿಂಗ್ ಚಾರ್ಜ್. ಸರ್ಕಾರಕ್ಕೆ ಹೋಗುವ ಸಾಲುಗಳಲ್ಲಿ ಚೌಕಾಸಿ ಇಲ್ಲ, ಆದರೆ ಲೆಕ್ಕ ನೀವೇ ಹಾಕಿ ನೋಡಬೇಕು. ಎಕ್ಸ್-ಶೋರೂಂ 15 ಲಕ್ಷ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 17%, ಅಂದರೆ 2,55,000 ರೂಪಾಯಿ. ಆ ತೆರಿಗೆಯ ಮೇಲೆ 11% ಸೆಸ್, 28,050. ಒಟ್ಟು 2,83,050. ನನ್ನ ಹಾಳೆಯಲ್ಲಿ ಈ ಸಾಲಿಗೆ ಸುಮಾರು ಆರು ಸಾವಿರ ಜಾಸ್ತಿ ಬರೆದಿತ್ತು. ಕೇಳಿದಾಗ "ರೌಂಡ್ ಫಿಗರ್" ಎಂದರು. ತೆರಿಗೆಗೆ ರೌಂಡ್ ಫಿಗರ್ ಇರುವುದಿಲ್ಲ. ತಿದ್ದಿಸಿದೆ. ಹ್ಯಾಂಡ್ಲಿಂಗ್ ಚಾರ್ಜ್ ಯಾವುದಕ್ಕೆ ಎಂದು ಕೇಳಿ, ಜಿಎಸ್‌ಟಿ ಬಿಲ್ಲಿನಲ್ಲಿ ಬರೆದುಕೊಡಿ ಎಂದೆ. ಮ್ಯಾನೇಜರ್ ಅದನ್ನೇ ಹೊಡೆದುಹಾಕಿದರು.

ಹೆಚ್ಚು ಹೊತ್ತು ಕೂತದ್ದು ವಿಮೆಯ ಸಾಲಿನ ಮೇಲೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಮ್ಮ ಗಾಡಿಗೇ ಆಗುವ ಹಾನಿಯ ವಿಮೆಯನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು. ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನು ಇಲ್ಲ. ನಾನು ಹೊರಗಿನಿಂದ ಒಂದು ಕೊಟೇಶನ್ ತರಿಸಿದ್ದೆ. ಅದು ಅವರದ್ದಕ್ಕಿಂತ ಹದಿನೇಳು ಸಾವಿರ ಕಡಿಮೆ ಇತ್ತು. ತೋರಿಸಿದ ಮೇಲೆ ಅವರೂ ಅದೇ ದರಕ್ಕೆ ಬಂದರು. ಆದರೆ ಕಡಿಮೆ ದರ ಒಂದನ್ನೇ ನೋಡಬೇಡಿ. ಹೊಸ ಗಾಡಿಯ ವಿಮಾ ಮೌಲ್ಯ ಎಕ್ಸ್-ಶೋರೂಂ ಬೆಲೆಯ 95% ಇರಬೇಕು. 15 ಲಕ್ಷಕ್ಕೆ 14,25,000. ಮೌಲ್ಯ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದುಂಟು. ಇನ್ನೊಂದು, ಮಲೆನಾಡಿನವರು ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಬಿಡಲೇಬಾರದು. ಥಾರ್‌ಗೆ 650 ಮಿಲಿಮೀಟರ್ ನೀರಿನಲ್ಲಿ ಹೋಗುವ ತಾಕತ್ತಿದೆ ಎಂದು ಕಂಪನಿ ಹೇಳುತ್ತದೆ. ಹಳ್ಳ ಮಾತ್ರ ಟೇಪು ಹಿಡಿದು ಹರಿಯುವುದಿಲ್ಲ. ಎಂಜಿನ್ ನೀರು ಎಳೆದುಕೊಂಡು ಹಾಳಾದರೆ ಸಾಮಾನ್ಯ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ.

ಸಾಲ ಮಾಡುವವರು ಬಡ್ಡಿ "ಫ್ಲಾಟ್" (ಕೊನೆತನಕ ಪೂರ್ತಿ ಅಸಲಿನ ಮೇಲೆ) ಅಥವಾ "ರೆಡ್ಯೂಸಿಂಗ್" (ಉಳಿದ ಬಾಕಿಯ ಮೇಲೆ ಮಾತ್ರ) ಯಾವುದು ಎಂದು ಕೇಳಿ. ಹತ್ತು ಲಕ್ಷಕ್ಕೆ ಐದು ವರ್ಷ, 7% ಫ್ಲಾಟ್ ಎಂದರೆ ಬಡ್ಡಿಯೇ 3,50,000. ಅದೇ ಸಾಲ 9% ರೆಡ್ಯೂಸಿಂಗ್ ಆದರೆ ಕಂತು ಸುಮಾರು 20,760, ಒಟ್ಟು ಬಡ್ಡಿ ಎರಡೂವರೆ ಲಕ್ಷದ ಒಳಗೆ. ಏಳು ಒಂಬತ್ತಕ್ಕಿಂತ ದುಬಾರಿ ಎಂದರೆ ನಂಬಿಕೆ ಬಾರದು, ಕಾಗದದ ಮೇಲೆ ಹಾಕಿ ನೋಡಿ.

ಆಕ್ಸೆಸರೀಸ್ ಕಿಟ್‌ನಿಂದ ಕ್ರೋಮ್ ಪಟ್ಟಿ, ದಿಂಬು, ಸುಗಂಧದ ಡಬ್ಬಿ ತೆಗೆಸಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿಕೊಡುತ್ತೇವೆ ಎಂದರು. 2017ರ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯ ಅದನ್ನು ಕಾನೂನುಬಾಹಿರ ಎಂದಿದೆ. ಡಿಕ್ಕಿಯ ಪೆಟ್ಟನ್ನು ಅದು ನೇರ ಚಾಸಿಗೇ ದಾಟಿಸುತ್ತದೆ, ಎದುರಿಗೆ ಸಿಕ್ಕ ಪಾದಚಾರಿಗಂತೂ ಅಪಾಯ ಇನ್ನೂ ಹೆಚ್ಚು. ಬೇಡವೆಂದೆ. ಅಡಿಭಾಗದ ತುಕ್ಕು ನಿರೋಧಕ ಕೋಟಿಂಗ್ ಇಟ್ಟುಕೊಂಡೆ, ನಮ್ಮ ಮಳೆಗೆ ಅದು ಬೇಕು. ತೆಗೆಸಿದ ಸಾಮಾನಿನ ಬದಲಿಗೆ ಮಣ್ಣಿನಲ್ಲಿ ಹಿಡಿಯುವ ಆಲ್-ಟೆರೇನ್ ಟೈರ್‌ಗಳನ್ನು, ಅದೇ ಅಳತೆಯಲ್ಲಿ, ಕೇಳಿದೆ. ಮೂರು ದಿನ ಎಳೆದಾಡಿ ಅರ್ಧ ಬೆಲೆಗೆ ಒಪ್ಪಿದರು. ಹಳೇ ಜೀಪಿಗೆ ಎಕ್ಸ್‌ಚೇಂಜ್ ಎಂದು ಅವರು ಹೇಳಿದ ದರ ಗುಜರಿಯದ್ದು. ಅಂಥ ಜೀಪುಗಳನ್ನು ಪ್ರೀತಿಯಿಂದ ಕೊಳ್ಳುವವರು ಚಿಕ್ಕಮಗಳೂರಿನಲ್ಲೂ ಸಕಲೇಶಪುರದಲ್ಲೂ ಇದ್ದಾರೆ. ಕೊಡಲಿಲ್ಲ.

ದುಡ್ಡು ಪೂರ್ತಿ ಕಟ್ಟುವ ಮೊದಲು ಗಾಡಿಯನ್ನು ಯಾರ್ಡಿನಲ್ಲಿ ನೋಡಬೇಕೆಂದೆ. ಎಲೆ, ಧೂಳು ಮುಚ್ಚಿ ನಿಂತಿತ್ತು. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಒತ್ತಿರುತ್ತಾರೆ. ಸೆರಗಿನಿಂದ ಒರೆಸಿ ನೋಡಿದೆ: 3425. ಮೊದಲೆರಡು ವಾರ, ಕೊನೆಯೆರಡು ವರ್ಷ. 2025ರ 34ನೇ ವಾರ ಎಂದರೆ ಆಗಸ್ಟ್. ಗಾಡಿಯ ಫಾರಂ 22 ಕೇಳಿ ತೆಗೆಸಿದರೆ ತಯಾರಾದದ್ದು ಸೆಪ್ಟೆಂಬರ್. ಆರು ತಿಂಗಳು ಬಿಸಿಲಲ್ಲಿ ನಿಂತ ಗಾಡಿ, ಬ್ಯಾಟರಿಯೂ ಅಷ್ಟೇ ಹಳತು. ಮುಂದೆ ಮಾರುವಾಗ ಅದು ಹಿಂದಿನ ವರ್ಷದ ಗಾಡಿ ಎಂದೇ ಲೆಕ್ಕ. "ಇದನ್ನೇ ಕೊಡುವುದಾದರೆ ಬೆಲೆ ಇಳಿಸಿ, ಇಲ್ಲದಿದ್ದರೆ ಈ ವರ್ಷದ್ದು ತರಿಸಿ" ಎಂದೆ. ಮಾರ್ಚ್ ಕೊನೆಯ ವಾರ, ಅವರಿಗೂ ಟಾರ್ಗೆಟ್ ಮುಟ್ಟಿಸುವ ಅವಸರ. ಎಂಬತ್ತೈದು ಸಾವಿರ ಇಳಿಸಿ, ಬ್ಯಾಟರಿ ಹೊಸದು ಹಾಕಿಕೊಡುವುದಾಗಿ ಬರೆದುಕೊಟ್ಟರು. ಬಾಯಿಮಾತಿನಲ್ಲಿ ಹೇಳಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಚಾಸಿ ನಂಬರ್ ಸಮೇತ, ಸೀಲು ಹಾಕಿಸಿಕೊಂಡ ಮೇಲೆಯೇ ಹಣ ಕಟ್ಟಿದ್ದು.

ಟಿಸಿಎಸ್ ಎಂಬ ಸಾಲಿನ ಬಗ್ಗೆ ತೋಟದವರಿಗೆ ಒಂದು ಮಾತು. ಹತ್ತು ಲಕ್ಷ ಮೀರಿದ ಗಾಡಿಗೆ 1% ಹಣವನ್ನು ಡೀಲರ್ ನಿಮ್ಮಿಂದ ಪಡೆದು ನಿಮ್ಮ ಪ್ಯಾನ್ ಹೆಸರಿಗೆ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತಾನೆ. ಅದು ಖರ್ಚಲ್ಲ, ನಿಮ್ಮ ಮುಂಗಡ. 15 ಲಕ್ಷದ ಗಾಡಿಗೆ 15,000 ರೂಪಾಯಿ. ಬೆಳೆದದ್ದನ್ನು ಹಸಿಯಾಗಿಯೋ ಒಣಗಿಸಿಯೋ ಹಾಗೇ ಮಾರುವ ನಮ್ಮಲ್ಲಿ ಅನೇಕರು ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್ ಹಾಕುವುದೇ ಇಲ್ಲ. ಹಾಕದಿದ್ದರೆ ಆ ಹಣ ವಾಪಸ್ ಬರುವುದಿಲ್ಲ. ಗಾಡಿ ಕೊಂಡ ವರ್ಷವಾದರೂ ದಯವಿಟ್ಟು ರಿಟರ್ನ್ಸ್ ಸಲ್ಲಿಸಿ, ನಿಮ್ಮ ಹಣ ವಾಪಸ್ ಪಡೆಯಿರಿ.