ಅರ್ಥವಿಲ್ಲದ ಸಿನಿಮಾ, ಅರ್ಥವುಳ್ಳ ನಗು

ಕೆಲವು ತಿಂಗಳ ಹಿಂದೆ ಬ್ಯಾಡರಹಳ್ಳಿಯ ಕುಟುಂಬವೊಂದು ಸಲಹೆಗಾಗಿ ಬಂದಿತ್ತು. ಎಪ್ಪತ್ತು ದಾಟಿದ ಹಿರಿಯರು, ಅವರ ಮಗ, ಸೊಸೆ. (ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಮಾತು ಶುರು ಮಾಡಿದ್ದು ಸೊಸೆ.

'ಮಾವನವರು ಒಂದೇ ಸಿನಿಮಾನ ಹತ್ತು ಸಲ ನೋಡ್ತಾರೆ ಡಾಕ್ಟ್ರೇ. ಮುಂದೇನಾಗತ್ತೆ ಅಂತ ಗೊತ್ತಿದ್ರೂ ಬಿದ್ದು ಬಿದ್ದು ನಗ್ತಾರೆ. ಅರಳು ಮರಳು ಶುರುವಾಯ್ತೇನೋ ಅಂತ ಭಯ.'

ಆ ಸಿನಿಮಾ ಸಿಂಗೀತಂ ಶ್ರೀನಿವಾಸರಾವ್ ಅವರ 'ಪುಷ್ಪಕ ವಿಮಾನ' (1987). ನಮ್ಮ ಬೆಂಗಳೂರಿನಲ್ಲೇ ತಯಾರಾದ ಚಿತ್ರ. ಕಮಲಹಾಸನ್ ನಿರುದ್ಯೋಗಿ ಯುವಕ, ಅಮಲಾ ಜಾದೂಗಾರನ ಮಗಳು. ಇಡೀ ಚಿತ್ರದಲ್ಲಿ ಒಂದೇ ಒಂದು ಸಂಭಾಷಣೆಯಿಲ್ಲ. ಹಿರಿಯರು ಕಾಮಾಕ್ಷಿಪಾಳ್ಯದ ಲೇತ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು, ಯಂತ್ರಗಳ ಸದ್ದಿಗೆ ಕಿವಿ ಮಂದ ಮಾಡಿಕೊಂಡವರು. ಬೇರೆ ಸಿನಿಮಾ ನೋಡುವಾಗ 'ಏನಂದ, ಏನಂದ' ಎಂದು ಪಕ್ಕದವರನ್ನು ಕೇಳಬೇಕು. ಇದರಲ್ಲಿ ಆ ತೊಂದರೆಯೇ ಇಲ್ಲ.

ಅವರನ್ನು ಪರೀಕ್ಷಿಸಿದೆ. ಇಂದಿನ ವಾರ, ತಾರೀಖು, ಬೆಳಗಿನ ತಿಂಡಿ, ಕಳೆದ ತಿಂಗಳ ಕರೆಂಟು ಬಿಲ್ಲು ಎಲ್ಲವೂ ನೆನಪಿದ್ದವು. ಮರೆವಿನ ಕಾಯಿಲೆಯ ಲಕ್ಷಣ ಕಾಣಲಿಲ್ಲ. ಹಾಗೆಂದು ಸೊಸೆಯ ಆತಂಕ ತೀರಾ ಆಧಾರವಿಲ್ಲದ್ದೂ ಅಲ್ಲ. ಮಿದುಳಿನ ಮುಂಭಾಗ ಸವೆಯುವ ಒಂದು ಬಗೆಯ ಕಾಯಿಲೆಯಲ್ಲಿ ಹಾಸ್ಯಪ್ರಜ್ಞೆಯೇ ಬದಲಾಗುವುದುಂಟು. ಅಂಥವರು ಬೇರೆಯವರ ದುಃಖಕ್ಕೆ, ಸಾವಿನ ಸುದ್ದಿಗೆ ನಗಬಹುದು. ಆದರೆ ನಗಬೇಕಾದ ಕಡೆ ನಗುವುದು ರೋಗವಲ್ಲ, ಹತ್ತನೆಯ ಸಲ ನಕ್ಕರೂ.

ಆ ಕುಟುಂಬದ ಕಥೆಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು, ತಲೆಬುಡವಿಲ್ಲದ ಸಿನಿಮಾಗಳು ನಮ್ಮನ್ನು ಅಷ್ಟೊಂದು ಸೆಳೆಯುವುದೇಕೆ ಎಂಬುದನ್ನು ನೋಡೋಣ.

ಹುಚ್ಚು ವಿಜ್ಞಾನಿ, ಹುಚ್ಚು ಪ್ರೇಮ

ಕನ್ನಡಿಗರಿಗೆ ಈ ಬಗೆಯ ಹಾಸ್ಯ ಹೊಸದಲ್ಲ. ಹಾಸ್ಯ ಚಕ್ರವರ್ತಿ ನರಸಿಂಹರಾಜು 1974ರಲ್ಲಿ ತಾವೇ ನಿರ್ಮಿಸಿ ನಟಿಸಿದ ಚಿತ್ರದ ಹೆಸರೇ 'ಪ್ರೊಫೆಸರ್ ಹುಚ್ಚೂರಾಯ'. ಹಿಂದಿಯ 'ಮಿಸ್ಟರ್ ಇಂಡಿಯಾ' (1987) ಚಿತ್ರದಲ್ಲಿ ತೊಟ್ಟವರನ್ನು ಅದೃಶ್ಯರಾಗಿಸುವ ಯಂತ್ರವಿತ್ತು. ಅದನ್ನೇ ಅಂಬರೀಶ್ 'ಜೈ ಕರ್ನಾಟಕ'ದಲ್ಲಿ (1989) ಕನ್ನಡಕ್ಕೆ ತಂದರು. ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್'ನಲ್ಲಿ (2002) ಉಪೇಂದ್ರ ಅವರನ್ನೇ ಹೋಲುವ ಯಂತ್ರಮಾನವನಿಗೂ ಪ್ರೇಮದ ಸೋಂಕು ತಗಲುತ್ತದೆ. ಅಮೆರಿಕದ ಜೆರ್ರಿ ಲೂಯಿಸ್ 1963ರಲ್ಲೇ 'ನಟ್ಟಿ ಪ್ರೊಫೆಸರ್' ಆಗಿದ್ದರು. ಅದರಲ್ಲಿ ಪೆದ್ದು ಪೆದ್ದಾದ ರಸಾಯನಶಾಸ್ತ್ರದ ಮೇಷ್ಟ್ರು ಹುಡುಗಿಯನ್ನು ಮೆಚ್ಚಿಸಲು ತಾನೇ ತಯಾರಿಸಿದ ದ್ರಾವಣ ಕುಡಿದು ರೂಪ ಬದಲಿಸುತ್ತಾರೆ.

ಇನ್ನೂ ಹಿಂದೆ ಹೋದರೆ ವಿಜ್ಞಾನಿಯ ಕೆಲಸವನ್ನು ಮಾಯಾವಿಗಳೇ ಮಾಡುತ್ತಿದ್ದರು. ನಮ್ಮಲ್ಲೂ ಮನೆಮಾತಾದ ತೆಲುಗಿನ 'ಮಾಯಾಬಜಾರ್'ನಲ್ಲಿ (1957) ನೋಡಿದವರಿಗೆ ಅವರವರ ಮೆಚ್ಚಿನ ವಸ್ತುವನ್ನೇ ತೋರಿಸುವ ಪ್ರಿಯದರ್ಶಿನಿ ಪೆಟ್ಟಿಗೆ ಇದೆ. ಘಟೋತ್ಕಚ ಮದುವಣಗಿತ್ತಿ ಶಶಿರೇಖೆಯ ವೇಷದಲ್ಲಿ ಬಂದು ಮದುವೆ ಮನೆಯನ್ನೇ ತಲೆಕೆಳಗು ಮಾಡುತ್ತಾನೆ.

ಇವೆಲ್ಲವುಗಳ ಒಳಗಿನ ಸೂತ್ರ ಒಂದೇ. ವಿಜ್ಞಾನವೆಂದರೆ ಲೆಕ್ಕಾಚಾರ, ಪ್ರೇಮವೆಂದರೆ ಲೆಕ್ಕ ತಪ್ಪುವುದು. ಎಲ್ಲವನ್ನೂ ಅಳೆದು ತೂಗುವ ಮನುಷ್ಯ ಒಬ್ಬ ಹುಡುಗಿಯ ಎದುರು ನಿಂತು ತಡವರಿಸಿದಾಗ ಎರಡು ಲೋಕಗಳು ಡಿಕ್ಕಿ ಹೊಡೆಯುತ್ತವೆ. ನಮ್ಮ ಮಿದುಳು ಸದಾ 'ಮುಂದೆ ಹೀಗಾಗುತ್ತದೆ' ಎಂದು ಊಹಿಸುತ್ತಿರುತ್ತದೆ. ಆ ಊಹೆ ತಟ್ಟನೆ ಸುಳ್ಳಾಗಿ, ಅದರಿಂದ ಯಾರಿಗೂ ಅಪಾಯವಿಲ್ಲ ಎಂದು ಖಾತ್ರಿಯಾದಾಗ ನಗು ಉಕ್ಕುತ್ತದೆ. ಎರಡನೆಯ ಭಾಗ ಬಹಳ ಮುಖ್ಯ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿದವನು ಎದ್ದು ನಿಂತರೆ ನಗು, ಸೊಂಟ ಮುರಿದುಕೊಂಡರೆ ಗಾಬರಿ.

'ಪುಷ್ಪಕ ವಿಮಾನ'ದಲ್ಲಿ ಬಾಡಿಗೆ ಕೊಲೆಗಾರನೊಬ್ಬ ಮಂಜುಗಡ್ಡೆಯ ಚೂರಿ ಹಿಡಿದು ಬರುತ್ತಾನೆ. ಕೊಲೆ ಮಾಡಿದ ಮೇಲೆ ಆಯುಧ ಕರಗಿ ಸಾಕ್ಷಿಯೇ ಉಳಿಯಬಾರದೆಂಬುದು ಅವನ 'ವಿಜ್ಞಾನ'. ಆದರೆ ಕೊಲೆಗೆ ಮೊದಲೇ ಚೂರಿ ಕರಗುತ್ತದೆ! ಹೆದರಬೇಕಾದ ಜಾಗದಲ್ಲಿ ನಾವು ನಗುತ್ತೇವೆ. ಆಸ್ಪತ್ರೆ, ಸೂಜಿ, ಯಂತ್ರ, ಪ್ರಯೋಗಶಾಲೆ ಇವೆಲ್ಲ ಒಳಗೊಳಗೆ ನಮ್ಮನ್ನು ಹೆದರಿಸುವಂಥವು. ಪೆದ್ದು ವಿಜ್ಞಾನಿಯ ಕೈಗೆ ಸಿಕ್ಕಾಗ ಆ ಭಯದ ಹಲ್ಲು ಉದುರುತ್ತದೆ. ಈಟಿವಿ ಕನ್ನಡದಲ್ಲಿ ಬರುತ್ತಿದ್ದ 'ಸಿಲ್ಲಿ ಲಲ್ಲಿ' ಧಾರಾವಾಹಿಯ ಡಾಕ್ಟರ್ ವಿಠ್ಠಲರಾವ್ ಅವರನ್ನು ಕಂಡು ಇಡೀ ನಾಡು ನಕ್ಕಿದ್ದಕ್ಕೂ ಇದೇ ಕಾರಣವಿರಬೇಕು. ವೈದ್ಯರಾದ ನಾವೂ ನಕ್ಕಿದ್ದೇವೆ.

ನಕ್ಕಾಗ ದೇಹದಲ್ಲಿ ಆಗುವುದೇನು?

ಹೊಟ್ಟೆ ಹುಣ್ಣಾಗುವಂತೆ ನಕ್ಕಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯು, ಪಕ್ಕೆಲುಬಿನ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು ಮತ್ತೆ ಮತ್ತೆ ಕುಗ್ಗುತ್ತವೆ. ಶ್ವಾಸಕೋಶದ ಗಾಳಿ ಜೋರಾಗಿ ಹೊರಗೆ ತಳ್ಳಲ್ಪಡುತ್ತದೆ. ಹೃದಯದ ಬಡಿತ ಸ್ವಲ್ಪ ಹೊತ್ತು ಏರುತ್ತದೆ. ನಗು ನಿಂತ ಮೇಲೆ ಸ್ನಾಯುಗಳು ಸಡಿಲಗೊಂಡು ಮೈ ಹಗುರಾಗುತ್ತದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಯಾಗಿ ಹಾಸ್ಯದ ತುಣುಕು ನೋಡಿ ನಕ್ಕವರಿಗೆ ನೋವು ತಡೆಯುವ ಶಕ್ತಿ ಹೆಚ್ಚಿದ್ದುದು ಕಂಡುಬಂತು. ಮಿದುಳಿನಲ್ಲೇ ತಯಾರಾಗುವ, ನೋವು ಶಮನ ಮಾಡುವ ಎಂಡಾರ್ಫಿನ್ ಎಂಬ ವಸ್ತು ಇದಕ್ಕೆ ಕಾರಣವಿರಬಹುದೆಂದು ಅವರ ಊಹೆ. ಇಲ್ಲಿ 'ಜೊತೆಯಾಗಿ' ಎಂಬ ಮಾತನ್ನು ಗಮನಿಸಿ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಅವರ ಪ್ರಕಾರ, ಮನುಷ್ಯ ಒಬ್ಬನೇ ಇದ್ದಾಗ ನಗುವುದಕ್ಕಿಂತ ನಾಲ್ಕು ಜನರ ನಡುವೆ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಚಿತ್ರಮಂದಿರಗಳಲ್ಲಿ ಗಾಂಧಿ ಕ್ಲಾಸಿನಲ್ಲಿ ಕೂತು ಸಿನಿಮಾ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಈಗ ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲ್ ಹಿಡಿದು, ನಾಲ್ಕು ಮೂಲೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾರೆ. ಹಾಸ್ಯ ಅದೇ ಇರಬಹುದು, ನಗು ಮಾತ್ರ ಅದಲ್ಲ.

ನಗು ಮದ್ದೇ?

ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಬೆನ್ನುಮೂಳೆಯ ತೀವ್ರ ಕಾಯಿಲೆಯಿಂದ ನರಳುತ್ತಿದ್ದಾಗ ಹಾಸ್ಯಚಿತ್ರಗಳನ್ನು ನೋಡಿ, ಹತ್ತು ನಿಮಿಷ ಮನಸಾರೆ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತೆಂದು 1976ರಲ್ಲಿ ಬರೆದರು. ಆ ಲೇಖನ ಲೋಕಪ್ರಸಿದ್ಧವಾಯಿತು. ಆದರೆ ಅದು ಒಬ್ಬ ರೋಗಿಯ ಅನುಭವ ಮಾತ್ರ. ನಗುವಿನಿಂದ ಕ್ಯಾನ್ಸರ್ ಹೋಗುತ್ತದೆ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಕ್ತದೊತ್ತಡದ ಮಾತ್ರೆ ಬಿಟ್ಟು ಹಾಸ್ಯಚಿತ್ರ ನೋಡಬೇಡಿ. ಮಾತ್ರೆ ನುಂಗಿ ನೋಡಿ.

ಅತಿಯಾಗಿ ನಗದಿರುವುದು ಒಳ್ಳೆಯದೆನಿಸುವವರೂ ಇದ್ದಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಹೊಲಿಗೆ ಹಸಿಯಿರುವವರು, ಹರ್ನಿಯಾ ಇರುವವರು ಎಚ್ಚರದಿಂದಿರಬೇಕು. ಕೆಲವು ಆಸ್ತಮಾ ರೋಗಿಗಳಿಗೆ ಜೋರು ನಗುವಿನಿಂದ ಉಬ್ಬಸ ಏಳಬಹುದು. ನಕ್ಕಾಗ ಮೂತ್ರ ಸೋರುವ ತೊಂದರೆ ಹೆರಿಗೆಯಾದ ಹೆಂಗಸರಲ್ಲಿ ಸಾಮಾನ್ಯ. ನಾಚಿಕೆಯಿಂದ ನಗುವುದನ್ನೇ ಬಿಟ್ಟವರನ್ನು ಕಂಡಿದ್ದೇನೆ. ಬಸ್ತಿಕುಹರದ ಸ್ನಾಯುಗಳನ್ನು ಬಲಪಡಿಸುವ ಸರಳ ವ್ಯಾಯಾಮದಿಂದ ಬಹುಮಂದಿಗೆ ಇದು ಸುಧಾರಿಸುತ್ತದೆ. ವೈದ್ಯರ ಬಳಿ ಸಂಕೋಚವಿಲ್ಲದೆ ಹೇಳಿ.

ನಗುವೇ ರೋಗಲಕ್ಷಣವಾಗುವುದೂ ಉಂಟು. ಪಾರ್ಶ್ವವಾಯು ಆದ ಮೇಲೆ ಕೆಲವರಿಗೆ ಕಾರಣವಿಲ್ಲದೆ ತಡೆಯಲಾಗದ ನಗು ಅಥವಾ ಅಳು ಬರುತ್ತದೆ. ಮನೆಯವರು ಇದನ್ನು ಕೊಬ್ಬು ಎಂದು ತಪ್ಪು ತಿಳಿಯಬಾರದು, ಇದಕ್ಕೆ ಔಷಧಿಯಿದೆ. ಮಕ್ಕಳು ಸುಮ್ಮಸುಮ್ಮನೆ, ಸಂತೋಷವಿಲ್ಲದೆ, ಒಂದೇ ರೀತಿಯಲ್ಲಿ ಪದೇ ಪದೇ ನಗುತ್ತಿದ್ದರೆ ಅದು ಅಪರೂಪದ ಮೂರ್ಛೆ ರೋಗವಿರಬಹುದು. ನರರೋಗ ತಜ್ಞರಿಗೆ ತೋರಿಸಬೇಕು.

ನಗು ನಿಂತಾಗ

ಈಗ ಬ್ಯಾಡರಹಳ್ಳಿಯ ಕುಟುಂಬಕ್ಕೆ ಬರೋಣ. 'ಸಿನಿಮಾ ನೋಡುವಾಗ ಜೊತೆಗೆ ಯಾರಿರ್ತಾರೆ?' ಎಂದು ಹಿರಿಯರನ್ನು ಸ್ವಲ್ಪ ಗಟ್ಟಿಯಾಗಿ ಕೇಳಿದೆ. ಅವರು ಮಗನ ಕಡೆ ನೋಡಿದರು.

'ಇವನೇ ಪಕ್ಕದಲ್ಲಿ ಕೂತಿರ್ತಾನೆ ಡಾಕ್ಟ್ರೇ. ಮೊದ್ಲು ನನಗಿಂತ ಜೋರಾಗಿ ನಗ್ತಿದ್ದ. ಈಗ ನಗಲ್ಲ. ಇವನು ನಗ್ಲಿ ಅಂತಾನೇ ಹಾಕ್ತೀನಿ.'

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವಿಚಾರಿಸಿದಾಗ ತಿಳಿಯಿತು: ಮಗನ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಸಂಬಳ ಇಳಿದಿತ್ತು. ಮೂರು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ. ಊಟ ರುಚಿಸದು, ಮಕ್ಕಳ ಮಾತು ಬೇಡ. 'ಸುಸ್ತು ಅಷ್ಟೇ ಸಾರ್' ಎಂದಿದ್ದ ಅವರು, ಕೊನೆಗೆ ಬದುಕಿರುವುದೇ ಬೇಡ ಅನಿಸುತ್ತದೆ ಎಂದು ತಲೆ ತಗ್ಗಿಸಿ ಹೇಳಿದರು. ರೋಗಿ ಎಂದು ಕರೆತಂದವರು ಆರೋಗ್ಯವಾಗಿದ್ದರು, ಕರೆತಂದವರೇ ರೋಗಿಯಾಗಿದ್ದರು.

ಮೊದಲು ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಈಗ ಸಂತೋಷ ಕಾಣದಿರುವುದು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು, ಇನ್ನೊಂದು ಸದಾ ಕವಿದಿರುವ ಬೇಸರ. ಇವು ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರಕ್ಕೂ ಮೀರಿ ಇದ್ದು, ನಿದ್ದೆ, ಹಸಿವು, ಕೆಲಸ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಇಂಥವರಿಗೆ 'ನಗ್ತಾ ಇರಿ, ಎಲ್ಲಾ ಸರಿಹೋಗುತ್ತೆ' ಎಂದು ಉಪದೇಶಿಸುವುದು ಕಾಲು ಮುರಿದವರಿಗೆ ಓಡಲು ಹೇಳಿದಂತೆ. ಅವರಿಗೆ ಬೇಕಾದದ್ದು ಆಪ್ತ ಸಲಹೆ, ಅಗತ್ಯವಿದ್ದರೆ ಔಷಧಿ, ಮತ್ತು ಪಕ್ಕದಲ್ಲಿ ಸುಮ್ಮನೆ ಕೂರುವ ಒಂದು ಜೀವ. ಕೊನೆಯದನ್ನು ಆ ತಂದೆ ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದರು.

ಸಾಯುವ ಯೋಚನೆ ಬಂದವರು ಒಂದು ದಿನವೂ ಕಾಯಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ.

ನಗು ಮತ್ತು ಮನಸ್ಸು ಎರಡನ್ನೂ ಒಟ್ಟಿಗೆ ಬಲ್ಲ ವೈದ್ಯರು ನಮ್ಮಲ್ಲೇ ಇದ್ದರು. 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿದ 'ರಾಶಿ' ವೃತ್ತಿಯಲ್ಲಿ ಡಾ. ಎಂ. ಶಿವರಾಂ. ಮನಸ್ಸಿನ ಬಗೆಗಿನ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವವನಿಗೆ ಅಳುವಿನ ಅರಿವೂ ಇರಬೇಕೆಂಬುದಕ್ಕೆ ಅವರೇ ಸಾಕ್ಷಿ.

ಮನೆಯವರಿಗೆ ಕೆಲವು ಸಲಹೆಗಳು

ವಾರಕ್ಕೊಂದು ಸಂಜೆಯಾದರೂ ಮೊಬೈಲ್ ಬದಿಗಿಟ್ಟು, ಎಲ್ಲರೂ ಒಂದೇ ಪರದೆಯ ಮುಂದೆ ಕೂತು ಹಾಸ್ಯಚಿತ್ರ ನೋಡಿ. ಆಯ್ಕೆ ಒಂದು ವಾರ ಅಜ್ಜನದು, ಒಂದು ವಾರ ಮೊಮ್ಮಕ್ಕಳದು. ಕಿವಿ ಮಂದವಾದವರಿಗೆ ಮಾತಿಗಿಂತ ನಟನೆ ಹೆಚ್ಚಿರುವ ಚಿತ್ರ ಹಾಕಿ, ಜೊತೆಗೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಕುಂಟರನ್ನು, ದಪ್ಪಗಿರುವವರನ್ನು, ಮಾನಸಿಕ ರೋಗಿಗಳನ್ನು ಗೇಲಿ ಮಾಡುವ ದೃಶ್ಯ ಬಂದರೆ ಅದು ಏಕೆ ತಪ್ಪೆಂದು ಮಕ್ಕಳಿಗೆ ಹೇಳಿ. ನಡುರಾತ್ರಿಯವರೆಗೆ ನೋಡಬೇಡಿ, ನಿದ್ದೆಯ ಸಾಲ ನಗುವಿನಿಂದ ತೀರದು. ಎಲ್ಲಕ್ಕಿಂತ ಮುಖ್ಯವಾಗಿ, ಪರದೆಯನ್ನು ನೋಡುತ್ತಲೇ ಒಮ್ಮೊಮ್ಮೆ ಪಕ್ಕದವರ ಮುಖವನ್ನೂ ನೋಡಿ.

ಮಗನ ಚಿಕಿತ್ಸೆ ಮುಂದುವರಿದಿದೆ. ಎರಡು ತಿಂಗಳ ನಂತರ ಬಂದಾಗ ನಿದ್ದೆ ಸುಧಾರಿಸಿತ್ತು. ಹೊರಡುವ ಮುನ್ನ ಹಿರಿಯರು ಹೇಳಿದರು: 'ಮಂಜುಗಡ್ಡೆ ಚೂರಿ ಕರಗೋ ಜಾಗ ಬಂತಲ್ಲ ಡಾಕ್ಟ್ರೇ, ಇವನು ಒಂಚೂರು ನಕ್ಕ. ಒಂಚೂರೇ.'